ಶಿಲುಬೆಯ ಮಹಿಮೆ, ನಮ್ಮ ಹೊಣೆ



ನೂರು ವರ್ಷಗಳಿಂದ ಈ ದೇವಾಲಯದ ಗೋಪುರದ ಮೇಲೆ ಶಿಲುಬೆ ನಿಂತಿದೆ. ದೀಕ್ಷಾಸ್ನಾನ ಪಡೆಯುವ ಮಕ್ಕಳ ಹಣೆಯಲ್ಲಿಯೂ ಅಗಲಿದ ಹಿರಿಯರ ಸಮಾಧಿಗಳ ಮೇಲೆಯೂ ನಾವು ಇಡುವುದು ಅದೇ ಗುರುತನ್ನು. ಪರಿಚಯ ಹೆಚ್ಚಿದಂತೆ ಅದರ ಭೀಕರತೆ ಕಣ್ಮರೆಯಾಗುವುದು ಸಹಜ.

ರೋಮನರು ಈ ಶಿಕ್ಷೆಯನ್ನು ಮುಖ್ಯವಾಗಿ ಗುಲಾಮರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದರು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ದಂಗೆ ಅಡಗಿದ ಮೇಲೆ, ಕಾಪುವಾದಿಂದ ರೋಮಿನವರೆಗಿನ ದಾರಿಯುದ್ದಕ್ಕೂ ಸುಮಾರು 6,000 ಸೆರೆಯಾಳುಗಳನ್ನು ಶಿಲುಬೆಗೇರಿಸಿದರೆಂದು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ರೋಮಿನ ಪಲಟೈನ್ ಗುಡ್ಡದಲ್ಲಿ 1857ರಲ್ಲಿ ಬೆಳಕಿಗೆ ಬಂದ ಗೋಡೆಯ ಗೀರುಚಿತ್ರವೊಂದರಲ್ಲಿ, ಕತ್ತೆಯ ತಲೆಯುಳ್ಳವನೊಬ್ಬ ಶಿಲುಬೆಯಲ್ಲಿದ್ದಾನೆ. ಅಲೆಕ್ಸಮೆನೋಸ್ ಎಂಬವನು ಅವನನ್ನು ದೇವರೆಂದು ವಂದಿಸುತ್ತಿದ್ದಾನೆ. ಶಿಲುಬೆಗೇರಿದವನನ್ನು ಆರಾಧಿಸುವುದು ಆ ಲೋಕಕ್ಕೆ ನಗೆಪಾಟಲಿನ ಸಂಗತಿಯಾಗಿತ್ತು.

ಅಂಥ ಕಟ್ಟಕಡೆಯ ಸ್ಥಾನವನ್ನೇ ನಮ್ಮ ಪ್ರಭು ಸ್ವೀಕರಿಸಿದರು. ದೇವರು ನೋವನ್ನು ಮೆಚ್ಚುವವರೆಂದಲ್ಲ. ಪಾಪದಲ್ಲಿ ಬಿದ್ದ ಮಾನವನನ್ನು ಕೈಬಿಡಲೊಲ್ಲದ ಪ್ರೀತಿಯೇ ಅವರನ್ನು ಕಲ್ವಾರಿಗೆ ಕರೆದೊಯ್ದಿತು. ಲೋಕವು ಹುಚ್ಚುತನವೆಂದು ಹಳಿದುದರಲ್ಲಿಯೇ ಸಂತ ಪೌಲರು ದೇವರ ಶಕ್ತಿಯನ್ನು ಕಂಡರು.

ಇಲ್ಲಿ ನಾವು ಎಚ್ಚರದಿಂದ ವಿವೇಚಿಸಬೇಕಾದ ಮಾತೊಂದುಂಟು. ಗಂಡನ ಹೊಡೆತಕ್ಕೆ ನಲುಗಿದ ಹೆಣ್ಣಿಗೂ ನ್ಯಾಯವಾದ ಕೂಲಿ ದೊರೆಯದ ಆಳಿಗೂ, ಇದು ನಿನ್ನ ಶಿಲುಬೆ, ಸುಮ್ಮನೆ ಹೊತ್ತುಕೋ ಎಂದು ಬುದ್ಧಿ ಹೇಳುವವರುಂಟು. ಶುಭಸಂದೇಶ ಹಾಗೆ ಬೋಧಿಸುವುದಿಲ್ಲ. ಯಾಜಕನ ವಿಚಾರಣೆಯಲ್ಲಿ ಕಾವಲಾಳು ಹೊಡೆದಾಗ ಯೇಸುಸ್ವಾಮಿ ಸುಮ್ಮನಿರಲಿಲ್ಲ. ಹೊಡೆದುದಕ್ಕೆ ಕಾರಣವೇನೆಂದು ಕೇಳಿದರು. ಶಿಲುಬೆಯನ್ನು ಹೊರುವುದು ಶಿಷ್ಯನು ತಾನಾಗಿ ಕೈಗೊಳ್ಳುವ ನಿರ್ಧಾರ. ಅದನ್ನು ಇನ್ನೊಬ್ಬರ ಮೇಲೆ ಹೇರುವ ಅಧಿಕಾರ ಯಾರಿಗೂ ಇಲ್ಲ. ಹೇರಿದವರು ಪಿಲಾತನ ಸೈನಿಕರು.

ಕಲ್ವಾರಿಯ ದಾರಿಯಲ್ಲಿ ಪ್ರಭುವಿಗೆ ಬೇಕಾಗಿದ್ದುದು ಉಪದೇಶವಲ್ಲ, ಸಿರೇನಿನ ಸಿಮೋನನ ಹೆಗಲು. ಅವನಾದರೋ ಬಲವಂತಕ್ಕೆ ಹೊತ್ತನು. ನಾವು ಪ್ರೀತಿಯಿಂದ ಹೊರಲು ಕರೆಯಲ್ಪಟ್ಟವರು. ನೊಂದವರ ಪಕ್ಕದಲ್ಲಿ ನಿಲ್ಲುವುದು, ಅನ್ಯಾಯವನ್ನು ಅನ್ಯಾಯವೆಂದು ಹೇಳುವುದು, ಅದರಿಂದ ಬರುವ ಕಷ್ಟವನ್ನು ತಾಳುವುದು—ಇದೇ ನಮ್ಮ ಪಾಲಿನ ಶಿಲುಬೆ.

ಶಿಲುಬೆಯೇ ಕೊನೆಯಲ್ಲ, ಮೂರನೆಯ ದಿನ ಸಮಾಧಿ ಬರಿದಾಯಿತು. ಆದರೂ ಪುನರುತ್ಥಾನಗೊಂಡ ಪ್ರಭುವಿನ ದೇಹದಲ್ಲಿ ಗಾಯದ ಗುರುತುಗಳು ಉಳಿದವು. ನೊಂದವರ ನೋವನ್ನು ದೇವರು ಮರೆಯುವುದಿಲ್ಲವೆಂಬುದಕ್ಕೆ ಅವೇ ಸಾಕ್ಷಿ.

ಎರಡನೆಯ ಶತಮಾನಕ್ಕೆ ಅಡಿಯಿಡುತ್ತಿರುವ ನಮ್ಮ ಧರ್ಮಕೇಂದ್ರಕ್ಕೆ ಭಾರ ಹೊತ್ತು ಬಂದ ಯಾರೊಬ್ಬರೂ ಒಂಟಿಯಾಗಿ ಹಿಂದಿರುಗದಂತೆ ಪ್ರಭು ನಮ್ಮನ್ನು ಹರಸಲಿ. ಆಮೆನ್.