ಕೌದಿಯಿಂದ ಮಣ್ಣಿನವರೆಗೆ: ಚೂರುಬಟ್ಟೆಯ ವಿಚಾರ

(ಮಲೆನಾಡಿನ ಮಹಿಳೆಯರಿಗಾಗಿ ನಡೆದ ಹೊಲಿಗೆ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನ ಮನೆಗಳಲ್ಲಿ ಒಂದು ನೂಲಿನ ಸೀರೆಗೆ ಹಿಂದೆ ಹಲವು ಬಾಳುಗಳಿದ್ದವು. ಹಬ್ಬಕ್ಕೆ ಉಟ್ಟ ಸೀರೆ ಕೆಲವು ವರ್ಷಗಳ ಬಳಿಕ ದಿನಬಳಕೆಯ ಉಡುಗೆಯಾಗುತ್ತಿತ್ತು. ಹರಿಯತೊಡಗಿದ ಮೇಲೆ ಮಗುವಿನ ತೊಟ್ಟಿಲಿಗೆ ಹಾಸಾಗಿಯೋ ಕೌದಿಯ ಒಳಪದರವಾಗಿಯೋ ಸೇರುತ್ತಿತ್ತು. ಕೌದಿಯೂ ಸವೆದಾಗ ಅದರ ಗಟ್ಟಿ ತುಂಡುಗಳು ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತಿದ್ದವು. ಸೊಪ್ಪಿನ ಹೊರೆ ಹೊರುವವರ ತಲೆಯ ಮೇಲಿನ ಸಿಂಬಿಯಾಗುತ್ತಿದ್ದವು. ಮೆತ್ತನೆಯ ಭಾಗ ದೀಪದ ಬತ್ತಿಯಾಗುತ್ತಿತ್ತು. ಇದಕ್ಕೂ ಒದಗದ ಚಿಂದಿ ಗೊಬ್ಬರಗುಂಡಿಗೆ ಬಿದ್ದು, ಮುಂದಿನ ಮಳೆಗಾಲದಲ್ಲಿ ತೋಟದ ಮಣ್ಣಾಗುತ್ತಿತ್ತು.

ಬೆಟ್ಟದ ದರಕಿನ ದಾರಿಯೂ ಇದೇ ಅಲ್ಲವೇ? ದರಕು ಕೊಟ್ಟಿಗೆಗೆ ಬಂದು, ಸಗಣಿ ಗಂಜಲದೊಡನೆ ಕೊಳೆತು, ಅಡಿಕೆ ಮರದ ಬುಡ ಸೇರುತ್ತದೆ. ದರಕನ್ನು ಯಾರೂ ಕಸವೆಂದು ಕರೆಯುವುದಿಲ್ಲ. ಚೂರುಬಟ್ಟೆಯನ್ನೂ ಹಾಗೆ ಕರೆಯದಿದ್ದ ಕಾಲವೊಂದಿತ್ತು. ಇಂದು ಪೇಟೆಯ ದರ್ಜಿ ಅಂಗಡಿಗಳ ಹಿಂದೆ ಕತ್ತರಿಸಿ ಉಳಿದ ತುಂಡುಗಳ ರಾಶಿ ಬೀಳುತ್ತದೆ. ಅದಕ್ಕೆ ಬೆಂಕಿ ಇಡುವುದು, ಇಲ್ಲವೇ ಹಳ್ಳದ ದಂಡೆಗೆ ಸುರಿಯುವುದು ರೂಢಿಯಾಗಿದೆ.

ಒಂದು ಕಿಲೋ ಹತ್ತಿಬಟ್ಟೆ ತಯಾರಾಗಲು, ಹೊಲಕ್ಕೆ ಬಿದ್ದ ಮಳೆನೀರನ್ನೂ ಸೇರಿಸಿ, ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂಬ ಅಂದಾಜಿದೆ. ಇದರ ಬಹುಭಾಗ ಹತ್ತಿ ಬೆಳೆಯುವುದಕ್ಕೇ ಹೋಗುತ್ತದೆ. ಕಾಲು ಕಿಲೋ ಚೂರುಬಟ್ಟೆಯನ್ನು ಬೆಂಕಿಗೆ ಹಾಕಿದರೆ, ಎಲ್ಲೋ ಬಯಲುಸೀಮೆಯ ಎರೆಹೊಲದಲ್ಲಿ ಬಳಕೆಯಾದ 2,500 ಲೀಟರ್ ನೀರಿನ ಫಲವನ್ನೂ ರೈತನೊಬ್ಬನ ದುಡಿಮೆಯನ್ನೂ ಸುಟ್ಟಂತಾಯಿತು.

ಚೂರುಬಟ್ಟೆಯನ್ನು ಸದುಪಯೋಗಪಡಿಸುವ ವಿದ್ಯೆಯನ್ನು ದೂರದಿಂದ ತರಬೇಕಾಗಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿ ಸಮುದಾಯದ ಹೆಂಗಸರು ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಆಫ್ರಿಕಾ ಮೂಲದ ಈ ಜನರ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಇವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇವರ ಕೌದಿಗೆ ಕವಂದಿ ಎಂದು ಹೆಸರು.

ಕವಂದಿ ಹೊಲಿಯುವ ಕ್ರಮ ಗಮನಿಸತಕ್ಕದ್ದು. ಹಳೆಯ ನೂಲಿನ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಕೆಲಸ ಆರಂಭಿಸುತ್ತಾರೆ. ತೇಪೆಯ ಅಂಚನ್ನು ಒಳಕ್ಕೆ ಮಡಿಚಿ, ಸೂಜಿಯನ್ನು ಮೇಲೆ ಕೆಳಗೆ ಓಡಿಸುವ ಸರಳ ಹೊಲಿಗೆಯಿಂದ ಎಲ್ಲ ಪದರಗಳನ್ನೂ ಕೂಡಿಸುತ್ತ, ಅಂಚಿನ ಗುಂಟ ಸಾಗುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಕೊನೆಯ ತೇಪೆ ನಡುವಿನಲ್ಲಿ ಬಂದು ಕೂರುತ್ತದೆ. ಮೊದಲೇ ಗೆರೆ ಎಳೆದ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ತುಂಡು ಉದ್ದವಿದ್ದರೆ ಉದ್ದಕ್ಕೆ, ಗಿಡ್ಡವಿದ್ದರೆ ಗಿಡ್ಡಕ್ಕೆ ಜಾಗ ಸಿಗುತ್ತದೆ. ಬಟ್ಟೆಯನ್ನು ವಿನ್ಯಾಸಕ್ಕೆ ತಕ್ಕಂತೆ ಕತ್ತರಿಸಿದರೆ ಮತ್ತೆ ಚೂರು ಉಳಿಯುತ್ತದೆ. ಇಲ್ಲಿ ವಿನ್ಯಾಸವೇ ಚೂರಿಗೆ ಒಗ್ಗಿಕೊಳ್ಳುವುದರಿಂದ ಉಳಿಕೆ ಅತ್ಯಲ್ಪ.

ಒತ್ತೊತ್ತಾದ ಹೊಲಿಗೆಯ ಸಾಲುಗಳಿಂದ ಇನ್ನೊಂದು ಲಾಭವೂ ಉಂಟು. ಒಂದು ತೇಪೆ ಹರಿದರೂ ಪಕ್ಕದ್ದು ಸಡಿಲಾಗದು. ಹರಿದ ತೇಪೆಯ ಮೇಲೆ ಹೊಸದನ್ನು ಕೂರಿಸಿದರೆ ಕೌದಿ ಮತ್ತೆ ಗಟ್ಟಿಯಾಗುತ್ತದೆ. ನಾಲ್ಕು ಮೂಲೆಗಳಿಗೆ ಬಣ್ಣದ ಬಟ್ಟೆಯನ್ನು ತ್ರಿಕೋನಾಕಾರವಾಗಿ ಮಡಿಚಿ ಕೂರಿಸುವ ‘ಫುಲಾ’, ಅಂದರೆ ಹೂವು, ಇಲ್ಲದಿದ್ದರೆ ಕವಂದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಬಡತನದಲ್ಲಿಯೂ ಚೆಲುವು ಬೇಕೆಂಬ ಹಟ ಅದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನ ನಡೆಯಿತು. ಅಲ್ಲಿ ಜನ ನಿಂತು ನೋಡಿದ ಕೆಲಸವನ್ನು ಇಲ್ಲಿನ ಅಕ್ಕಪಕ್ಕದ ಊರಿನವರು ಹರಕು ಹಾಸಿಗೆಯೆಂದು ಬದಿಗೆ ಸರಿಸುತ್ತಾರೆಂಬುದು ಯೋಚಿಸಬೇಕಾದ ಮಾತು.

ಹಾಗಾದರೆ ಸಿಕ್ಕಿದ ಚೂರುಗಳನ್ನೆಲ್ಲ ಹೊಲಿದುಬಿಟ್ಟರೆ ಪರಿಸರ ಉಳಿದೀತೇ? ಇಷ್ಟಕ್ಕೇ ಉಳಿಯದು. ಇದಕ್ಕೆ ಎರಡು ನಿಬಂಧನೆಗಳಿವೆ.

ಮೊದಲನೆಯದು ಬಟ್ಟೆಯ ಜಾತಿ. ಹತ್ತಿಯ ಎಳೆಯ ನೂರರಲ್ಲಿ 90ಕ್ಕೂ ಹೆಚ್ಚು ಭಾಗ ಸೆಲ್ಯುಲೋಸ್. ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಅದು ಆಹಾರ. ಪಾಲಿಯೆಸ್ಟರ್ ಹಾಗಲ್ಲ. ಅದು ಪೆಟ್ರೋಲಿಯಂನಿಂದ ಬಂದದ್ದು, ನೀರಿನ ಬಾಟಲಿಯ ಪ್ಲಾಸ್ಟಿಕ್ಕೇ ಎಳೆಯಾಗಿ ಬಂದ ರೂಪ. ಇಂದು ಜಗತ್ತಿನಲ್ಲಿ ತಯಾರಾಗುವ ಜವಳಿ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ. ಟೆರಿಕಾಟ್ ಬಟ್ಟೆಯನ್ನು ಮಣ್ಣಿನಲ್ಲಿ ಹೂತರೆ ಹತ್ತಿಯ ಪಾಲು ಕೊಳೆತು, ಪ್ಲಾಸ್ಟಿಕ್ಕಿನ ಬಲೆ ಉಳಿಯುತ್ತದೆ. ಒಗೆದಾಗಲೂ ತೊಂದರೆ ತಪ್ಪದು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರು ಸೇರಬಹುದು.

ಬಟ್ಟೆಯ ಜಾತಿ ತಿಳಿಯಲು ಸುಲಭ ಪರೀಕ್ಷೆಯಿದೆ. ನಾಲ್ಕಾರು ಎಳೆಗಳನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಕಾಗದ ಸುಟ್ಟ ವಾಸನೆ ಬಂದು, ಬೂದಿ ಬೆರಳಿಗೆ ಪುಡಿಯಾದರೆ ಅದು ಹತ್ತಿ. ಎಳೆ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಗುಂಡಾಗಿ ನಿಂತರೆ ಅದು ಪಾಲಿಯೆಸ್ಟರ್. ಎರಡೂ ಲಕ್ಷಣ ಕಂಡರೆ ಮಿಶ್ರ ಬಟ್ಟೆ. ಅಂಗಡಿಗಳಲ್ಲಿ ‘ಬಟ್ಟೆ ಚೀಲ’ವೆಂದು ಕೊಡುವ ತೆಳು ಚೀಲವನ್ನೂ ಹೀಗೆ ಪರೀಕ್ಷಿಸಿ ನೋಡಬಹುದು. ನೇಯದೆ, ಎಳೆಗಳನ್ನು ಬಿಸಿಯಿಂದ ಅಂಟಿಸಿ ಮಾಡಿದ ಅಂತಹ ಚೀಲಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು.

ಹತ್ತಿ, ಮಿಶ್ರ, ಪಾಲಿಯೆಸ್ಟರ್ ಎಂದು ಚೂರುಗಳನ್ನು ಮೂರು ಗಂಟು ಮಾಡಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಹತ್ತಿಯನ್ನು ಮೊದಲು ಒಗೆದು ಒಣಗಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗಿ ಸುಕ್ಕುಗಟ್ಟುತ್ತದೆ. ಕೌದಿ, ಮಸಿಬಟ್ಟೆ, ಮಗುವಿನ ಹಾಸು, ಮುಟ್ಟಿನ ಬಟ್ಟೆ ಇವುಗಳಿಗೆ ಹತ್ತಿಯೇ ಆಗಬೇಕು. ಪಾಲಿಯೆಸ್ಟರಿನ ಮಸಿಬಟ್ಟೆ ಬಿಸಿಗೆ ಕರಗಿ ಕೈಗೆ ಅಂಟಿ ಸುಡುತ್ತದೆ. ಮಿಶ್ರ ಮತ್ತು ಪಾಲಿಯೆಸ್ಟರ್ ಚೂರುಗಳಿಂದ ಪದೇ ಪದೇ ಒಗೆಯಬೇಕಾಗಿಲ್ಲದ ಸಂತೆಚೀಲ, ಕೈಚೀಲ, ಹೊಲಿಗೆ ಯಂತ್ರದ ಹೊದಿಕೆ ಮುಂತಾದವನ್ನು ಮಾಡಬಹುದು. ಆದರೆ ಅವು ಹಳೆಯದಾದಾಗ ಗೊಬ್ಬರಗುಂಡಿಗೂ ಒಲೆಗೂ ಹೋಗಬಾರದು. ಒಣಕಸದೊಡನೆ ಪಂಚಾಯಿತಿಯ ಕಸದ ಗಾಡಿಗೆ ಸೇರಬೇಕು.

ಎರಡನೆಯ ನಿಬಂಧನೆ ಕೈಕೆಲಸದ ಬೆಲೆ. ಕೌದಿಯನ್ನು ಹೆಂಗಸರ ‘ಬಿಡುವಿನ ಕೆಲಸ’ವೆಂದು ಕರೆಯುವ ವಾಡಿಕೆಯಿದೆ. ಮಲೆನಾಡಿನ ಯಾವ ಹೆಂಗಸಿಗೆ ಬಿಡುವಿತ್ತು? ಲೆಕ್ಕಕ್ಕಾಗಿ ಒಂದು ಕೌದಿಗೆ 60 ತಾಸು ಹಿಡಿಯಿತೆಂದು, ಅದು 900 ರೂಪಾಯಿಗೆ ಮಾರಾಟವಾಯಿತೆಂದು ಇಟ್ಟುಕೊಳ್ಳೋಣ. ತಾಸಿಗೆ 15 ರೂಪಾಯಿ. 8 ತಾಸಿನ ದಿನಕ್ಕೆ 120 ರೂಪಾಯಿ. 2024-25ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕದ ದಿನಗೂಲಿ 349 ರೂಪಾಯಿ ಇತ್ತು. ಆ ಕೂಲಿಯನ್ನೇ ಅಳತೆಯಾಗಿ ಹಿಡಿದರೆ, ಇದೇ ಕೌದಿಗೆ ಹೊಲಿಗೆಯ ಕೂಲಿಯೇ 2,600 ರೂಪಾಯಿ ದಾಟುತ್ತದೆ. ಚೂರುಬಟ್ಟೆ ಪುಕ್ಕಟೆ ಸಿಕ್ಕಿತೆಂದು ಕೈಗಳೂ ಪುಕ್ಕಟೆಯಾಗಬಾರದು. ಭೂಮಿಯ ಮೇಲಿನ ಹೊರೆ ಇಳಿಸಿ ಹೆಣ್ಣಿನ ತಲೆಯ ಮೇಲೆ ಹೊರಿಸುವುದು ಪರಿಸರ ಕಾರ್ಯವೆನಿಸದು.

ಬೇಡಿಕೆ ಹೆಚ್ಚಿದಾಗ ಬರುವ ಇನ್ನೊಂದು ಆಮಿಷವನ್ನೂ ಹೇಳಬೇಕು. ಕೊಳ್ಳುವವರಿಗೆ ಒಪ್ಪುವ ಬಣ್ಣಕ್ಕಾಗಿ ಹೊಸ ಬಟ್ಟೆ ತಂದು, ಕತ್ತರಿಸಿ, ಚೂರುಬಟ್ಟೆಯ ಕೆಲಸವೆಂದು ಮಾರುವುದು ಸುಲಭ. ಆಗ ಉಳಿಯುವುದು ಹೊರಗಿನ ರೂಪ ಮಾತ್ರ. ಮನೆಯ ಹಳೆಯ ಬಟ್ಟೆ, ದರ್ಜಿಯ ಅಂಗಡಿಯ ಉಳಿಕೆ ಎಷ್ಟು ಸಿಗುತ್ತದೆಯೋ ಅಷ್ಟೇ ಹೊಲಿಯುವ ಸಂಯಮ ಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಪ್ರಯೋಗವಿದೆ. ಜೂನ್ ತಿಂಗಳಲ್ಲಿ ಅಂಗೈಯಗಲದ ಹತ್ತಿ, ಟೆರಿಕಾಟ್, ಪಾಲಿಯೆಸ್ಟರ್ ತುಂಡುಗಳನ್ನು ಶಾಲೆಯ ಕೈತೋಟದಲ್ಲಿ ಗೇಣುದ್ದ ಆಳಕ್ಕೆ ಹೂತು, ಗುರುತಿನ ಗೂಟ ನೆಟ್ಟು, ದೀಪಾವಳಿಯ ಹೊತ್ತಿಗೆ ಅಗೆದು ನೋಡಲಿ. ಯಾವುದು ಮಣ್ಣಾಯಿತು, ಯಾವುದು ಹಾಗೆಯೇ ಉಳಿಯಿತು ಎಂಬುದನ್ನು ಬರೆದಿಡಲಿ. ಅದೇ ದಿನ ಮನೆಯ ಅಜ್ಜಿಯ ಬಳಿ ಕುಳಿತು, ಹಳೆಯ ಕೌದಿಯ ಒಂದೊಂದು ತೇಪೆಯೂ ಯಾರ ಬಟ್ಟೆಯಿಂದ ಬಂದದ್ದೆಂದು ಕೇಳಲಿ. ಹರಿದ ಕಡೆ ಒಂದು ತೇಪೆ ಹಾಕುವುದನ್ನು ಅವರಿಂದಲೇ ಕಲಿಯಲಿ, ಗಂಡುಮಕ್ಕಳೂ ಸೇರಿ.