ಯಾವ ಹೆಸರು ಹೇಳಬೇಕು?

ಇವತ್ತು ನನ್ನ ಒಂದು ಸೋಲಿನ ಕಥೆ ಹೇಳ್ತೀನಿ.

ಹೈದರಾಬಾದಿನಲ್ಲಿ ನಾವು ಐದಾರು ಜನ ಭಾನುವಾರ ಸೇರಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಡ್ತೀವಿ. ಈ ಕಾರ್ಡ್ ಆಟದಲ್ಲಿ ‘ಮೆಡ್ಲಿಂಗ್ ಮೇಜ್’ ಅಂತ ಒಂದು ಕಾರ್ಡ್ ಇದೆ, 2001ರದ್ದು. ಅದನ್ನು ಇಳಿಸುವಾಗ ಲ್ಯಾಂಡ್ ಅಲ್ಲದ ಒಂದು ಕಾರ್ಡಿನ ಹೆಸರು ಹೇಳಬೇಕು. ಅದು ಟೇಬಲ್ ಮೇಲೆ ಇರುವವರೆಗೆ ಆ ಹೆಸರಿನ ಕಾರ್ಡನ್ನು ಯಾರೂ ಕ್ಯಾಸ್ಟ್ ಮಾಡೋ ಹಾಗಿಲ್ಲ.

ಅವತ್ತು ಎದುರಿಗಿದ್ದ ಗೆಳೆಯನದು ‘ಸ್ಪ್ಲಿಂಟರ್ ಟ್ವಿನ್’ ಡೆಕ್. ಟ್ವಿನ್ ಅಂಟಿಸಿದ ಕ್ರೀಚರ್ ಟ್ಯಾಪ್ ಆಗಿ ತನ್ನದೇ ನಕಲು ಮಾಡುತ್ತೆ. ಆ ಕ್ರೀಚರ್ ‘ಡಿಸೀವರ್ ಎಕ್ಸಾರ್ಕ್’ ಆಗಿದ್ದರೆ, ಬಂದ ನಕಲು ಮೂಲವನ್ನು ಅನ್‌ಟ್ಯಾಪ್ ಮಾಡುತ್ತೆ. ಮತ್ತೆ ನಕಲು, ಮತ್ತೆ ಅನ್‌ಟ್ಯಾಪ್. ಕೊನೆಯಿಲ್ಲದ ಲೂಪ್, ಕಥೆ ಮುಗೀತು.

ಒಂದು-ಒಂದು ಸಮ ಆಗಿತ್ತು, ಮೂರನೇದು ನಿರ್ಣಾಯಕ. ಮೊದಲ ಆಟದಲ್ಲಿ ಎಕ್ಸಾರ್ಕ್ ನನ್ನನ್ನು ಸೋಲಿಸಿತ್ತಲ್ಲ, ಆ ಸಿಟ್ಟು ಇನ್ನೂ ಇತ್ತು. ಎರಡನೇ ಸರದಿಯಲ್ಲೇ ಮೇಜ್ ಇಳಿಸಿ “ಡಿಸೀವರ್ ಎಕ್ಸಾರ್ಕ್” ಅಂದೆ. ಅವನು ನಕ್ಕ. ಮುಂದೆ ನನ್ನ ಸರದಿಯ ಕೊನೆಗೆ ‘ಪೆಸ್ಟರ್‌ಮೈಟ್’ ಇಳಿಸಿದ. ಅದೂ ಅದೇ ಕೆಲಸ ಮಾಡೋ ಕಾರ್ಡ್. ಅವನ ಸರದಿ ಬಂತು, ಟ್ವಿನ್ ಅಂಟಿಸಿದ. “ಗುರೂ, ಮುಗೀತಾ?” ಅಂದ. ಮುಗಿದಿತ್ತು.

ನಾನು ಹೇಳಿದ್ದು ನನಗೆ ಹಿಂದಿನ ಸಲ ಏಟು ಕೊಟ್ಟ ಕಾರ್ಡ್. ಹೇಳಬೇಕಾಗಿದ್ದು ಅವನಿಗೆ ಬದಲಿ ಇಲ್ಲದ ಕಾರ್ಡ್. ಎಕ್ಸಾರ್ಕ್ ಹೋದರೆ ಪೆಸ್ಟರ್‌ಮೈಟ್ ಇದೆ, ಟ್ವಿನ್ ಹೋದರೆ ಆ ಡೆಕ್‌ನಲ್ಲಿ ಬೇರೆ ಏನೂ ಇರಲಿಲ್ಲ. ಬ್ಯಾಕಪ್ ಇರೋ ಸರ್ವರ್ ಆಫ್ ಮಾಡಿ ಸಿಸ್ಟಮ್ ನಿಂತಿತು ಅಂದ್ಕೊಂಡ ಹಾಗಾಯ್ತು ನನ್ನ ಕಥೆ.

ಹಾಗಂತ ಯಾವಾಗಲೂ “ಟ್ವಿನ್” ಅಂದರೆ ಸಾಕಾ? ಇಲ್ಲ. 2005ರ ‘ಪಿಥಿಂಗ್ ನೀಡಲ್’ ಕೂಡ ಹೆಸರು ಕೇಳುತ್ತೆ, ಆದರೆ ಅದು ಕ್ಯಾಸ್ಟ್ ಮಾಡೋದನ್ನು ತಡೆಯಲ್ಲ. ಆ ಹೆಸರಿನ ಕಾರ್ಡಿನ ಆಕ್ಟಿವೇಟೆಡ್ ಎಬಿಲಿಟಿ ತಡೆಯುತ್ತೆ, ಮಾನಾ ಕೊಡೋದನ್ನು ಬಿಟ್ಟು. ಟ್ವಿನ್ ತಾನೇ ಏನೂ ಮಾಡಲ್ಲ, ಶಕ್ತಿಯನ್ನು ಕ್ರೀಚರ್‌ಗೆ ಕೊಡುತ್ತೆ. ಹಾಗಾಗಿ ನೀಡಲ್ ಇಟ್ಟು “ಟ್ವಿನ್” ಅಂದರೆ ನೀರಲ್ಲಿ ಹೋಮ. ಅಲ್ಲಿ ಟೇಬಲ್ ಮೇಲೆ ಕೂತಿರೋ ಕ್ರೀಚರ್‌ನ ಹೆಸರೇ ಹೇಳಬೇಕು. ಎದುರಾಳಿ ಒಬ್ಬನೇ, ಡೆಕ್ ಒಂದೇ, ಆದರೂ ಸರಿಯಾದ ಹೆಸರು ಬೇರೆ.

ಮುಂದಿನ ಭಾನುವಾರ ಮೇಜ್ ಇಳಿಸಿ ಸರಿಯಾಗೇ “ಸ್ಪ್ಲಿಂಟರ್ ಟ್ವಿನ್” ಅಂದೆ. ಅವನು ‘ಲೈಟ್ನಿಂಗ್ ಬೋಲ್ಟ್’ ಹೊಡೆದು ಮೇಜ್‌ನ ತೆಗೆದ, ಆಮೇಲೆ ಟ್ವಿನ್ ಹಾಕಿದ! ಹೆಸರು ಹೇಳಿದರೆ ಸಾಲದು, ಹೇಳಿದವನನ್ನೂ ಕಾಯಬೇಕು ಅಂತ ಆಗ ಗೊತ್ತಾಯ್ತು. ಈಗ ಮೇಜ್ ಇಳಿಸೋಕೆ ಮುಂಚೆ ಕೈಯಲ್ಲಿ ಒಂದು ಕೌಂಟರ್‌ಸ್ಪೆಲ್ ಇದೆಯಾ ನೋಡ್ಕೋತೀನಿ.

ನೀವೂ ಬಾಯಿ ತೆಗೆಯೋ ಮೊದಲು ಅರ್ಧ ನಿಮಿಷ ಯೋಚನೆ ಮಾಡಿ: ಇವನಿಗೆ ಯಾವುದು ಇಲ್ಲದಿದ್ದರೆ ಆಗಲ್ಲ? ನನ್ನ ಕಾರ್ಡ್ ನಿಜವಾಗಿ ತಡೆಯೋದು ಏನನ್ನ? ಅದು ಹೋದರೆ ನನ್ನ ಗತಿ ಏನು?