ಬರೆದದ್ದನ್ನು ನಮಗೆ ಓದಿ ಹೇಳುವವರು ಯಾರು?

(ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಪಂಚಾಯಿತಿ ಸದಸ್ಯೆಯರು ಮತ್ತು ಸ್ತ್ರೀಶಕ್ತಿ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಮೂವತ್ತಮೂರು ವರ್ಷ ಸರ್ಕಾರಿ ಇಂಜಿನಿಯರಾಗಿದ್ದೆ. ಆ ಅವಧಿಯಲ್ಲಿ ನಾನು ಕಟ್ಟಿಸಿದ್ದಕ್ಕಿಂತ ಬರೆದದ್ದೇ ಹೆಚ್ಚು. ಅಂದಾಜುಪಟ್ಟಿ, ತಪಾಸಣಾ ವರದಿ, ಪ್ರಗತಿ ವರದಿ, ಆ ವರದಿಗೆ ಬಂದ ಆಕ್ಷೇಪಣೆಗೆ ಇನ್ನೊಂದು ವರದಿ. ಅದನ್ನು ಕೇಳಿಯೇ ಇರಬೇಕು, ನಿಮ್ಮ ಮಹಿಳಾ ವೇದಿಕೆಯ ನಾಲ್ಕು ಜನ ತಾಯಂದಿರು ಎರಡು ತಿಂಗಳ ಹಿಂದೆ ನಮ್ಮ ಮನೆಗೆ ಬಂದರು. "ಸಾರ್, ನಮ್ಮ ಸಭೆಗಳ ವರದಿ ಬರೆಯೋಕೆ ಒಬ್ಬರನ್ನ ತಗೋಬೇಕು ಅಂತ ಇದ್ದೀವಿ. ಕನ್ನಡ, ಇಂಗ್ಲಿಷ್ ಎರಡೂ ಬರಬೇಕು. ಜಾಹೀರಾತು ಬರೆದುಕೊಡಿ" ಅಂದರು.

ಎರಡು ಭಾಷೆ ಏಕೆ ಎಂದು ಇಲ್ಲಿ ಕೆಲವರಿಗೆ ಅನ್ನಿಸಬಹುದು. ತರಬೇತಿಗೆ ಹಣ ಕೊಡುವ ಕಂಪನಿಗಳು, ದೂರದ ಸಂಸ್ಥೆಗಳು ಇಂಗ್ಲಿಷಿನಲ್ಲಿ ಕೇಳುತ್ತವೆ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಕನ್ನಡದಲ್ಲಿ ಕೊಡಬೇಕು. ನಿಮಗಂತೂ ಕನ್ನಡವೇ ಬೇಕು. ಒಂದೇ ಸಭೆ, ಎರಡು ಕಾಗದ. ಎರಡೂ ಒಂದೇ ಮಾತು ಹೇಳಬೇಕು. ಕಷ್ಟ ಇರುವುದು ಅಲ್ಲೇ.

ನಾನು ಅರ್ಧ ಗಂಟೆಯಲ್ಲಿ ಬರೆದೆ. ಪದವಿ ಕಡ್ಡಾಯ, ಇಂಗ್ಲಿಷಿನಲ್ಲಿ ಪ್ರಾವೀಣ್ಯ, ಕಂಪ್ಯೂಟರ್ ಜ್ಞಾನ, ಐದು ವರ್ಷ ಅನುಭವ. ಇಲಾಖೆಯ ಹಳೆಯ ಜಾಹೀರಾತುಗಳೇ ಕೈಗೆ ಬಂದವು. ಓದಿ ಹೇಳಿದೆ. ಹೊಸದುರ್ಗದ ಕಡೆಯ ಒಬ್ಬ ತಾಯಿ ಸುಮ್ಮನೆ ಕೇಳುತ್ತಾ ಕೂತಿದ್ದವರು, "ಎಲ್ಲಾ ಸರಿ ಸಾರ್, ಅವರು ಬರೆದಿದ್ದನ್ನ ನಮಗೆ ಓದಿ ಹೇಳೋರು ಯಾರು?" ಅಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಆ ಹಾಳೆಯನ್ನು ಮಡಿಚಿಟ್ಟೆ. ಅವರ ಪ್ರಶ್ನೆ ನನ್ನನ್ನು ಹಳೆಯ ಒಂದು ತಪ್ಪಿನ ಹತ್ತಿರ ಕರೆದುಕೊಂಡು ಹೋಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿತ್ತು. ಒಂದು ಹಳ್ಳಿಯಲ್ಲಿ ಕೊಳವೆಬಾವಿ, ಪಂಪು, ಮೇಲ್ತೊಟ್ಟಿ, ನಾಲ್ಕು ಬೀದಿ ನಲ್ಲಿ ಮಾಡಿಸಿದ್ದೆವು. ಪರಿಶೀಲನೆಗೆ ಹೋದೆ. ತಲೆಗೆ ದಿನಕ್ಕೆ 40 ಲೀಟರು ಕೊಡಬೇಕೆಂಬುದು ಆಗಿನ ಮಾನದಂಡ. ಲೆಕ್ಕ ಹಾಕಿದೆ, ಸರಿಯಾಗಿತ್ತು. ನಲ್ಲಿ ಹತ್ತಿರ ನಿಂತಿದ್ದ ಹೆಂಗಸರನ್ನು ಕೇಳಿದೆ, ನೀರು ಬರುತ್ತಾ ಅಂತ. ಒಬ್ಬ ಅಜ್ಜಿ, "ಬರ್ತೈತೆ ಸ್ವಾಮಿ, ದಿನಾ ಬರ್ತೈತೆ. ನಾವು ನಿದ್ದೆ ಮಾಡದು ಬ್ಯಾಡ ಅಷ್ಟೆ" ಅಂದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ತ್ರೀ ಫೇಸ್ ಕರೆಂಟು ರಾತ್ರಿ ಕೊಡುತ್ತಿದ್ದರು. ರಾತ್ರಿ ಪಂಪು ಓಡಿದರೆ ಸಣ್ಣ ತೊಟ್ಟಿ ಬೇಗ ತುಂಬುತ್ತದೆ, ಕೂಡಲೇ ನಲ್ಲಿಗೆ ಬಿಡುತ್ತಿದ್ದರು. ಹೆಂಗಸರು ಹನ್ನೆರಡು ಗಂಟೆಗೆ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದರು.

ಕಚೇರಿಗೆ ಬಂದು ಇಂಗ್ಲಿಷಿನಲ್ಲಿ ವರದಿ ಬರೆದೆ: ಪ್ರತಿದಿನ ನೀರು ಸರಬರಾಜಾಗುತ್ತಿದೆ, ಫಲಾನುಭವಿಗಳು ತೃಪ್ತರಾಗಿದ್ದಾರೆ. ನೋಡಿ, ಮೊದಲ ಭಾಗದಲ್ಲಿ ಸುಳ್ಳಿಲ್ಲ. ಎರಡನೆಯ ಭಾಗ ಅವರ ನಗುವನ್ನು ನಾನು ಮಾಡಿದ ಅನುವಾದ. ಕಡತ ಮುಗಿಯಿತು. ಮೂರು ಬೇಸಿಗೆ ಆ ಊರಿನ ಹೆಂಗಸರು ಮಧ್ಯರಾತ್ರಿ ನೀರು ಹಿಡಿದರು. ಆಮೇಲೆ ಬೇರೆ ಕೆಲಸಕ್ಕೆ ಹೋದಾಗ ಅದೇ ಅಜ್ಜಿ ಗುರುತು ಹಿಡಿದು, "ಇನ್ನೂ ನಿದ್ದೆ ಇಲ್ಲ ಸ್ವಾಮಿ" ಅಂದಾಗ ನನಗೆ ತಿಳಿಯಿತು. ಪರಿಹಾರ ದೊಡ್ಡದೇನಲ್ಲ. ತೊಟ್ಟಿ ಒಂದಿಷ್ಟು ದೊಡ್ಡದು ಬೇಕಿತ್ತು, ಬೆಳಿಗ್ಗೆ ಆರಕ್ಕೆ ವಾಲ್ವು ತಿರುಗಿಸಲು ನೀರಗಂಟಿಗೆ ಹೇಳಬೇಕಿತ್ತು. ಆ ವರದಿಯನ್ನು ಕನ್ನಡದಲ್ಲಿ ಬರೆದು ಆ ನಲ್ಲಿಯ ಹತ್ತಿರವೇ ಓದಿದ್ದರೆ ಅವರು ನನ್ನನ್ನು ಅಲ್ಲಿಯೇ ತಡೆಯುತ್ತಿದ್ದರು.

ಇದರಲ್ಲಿ ಇನ್ನೊಂದು ನಾಚಿಕೆ ಇದೆ. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಅಂತ ಒಂದಿದೆ, ಎಂ.ಬಿ. ಅನ್ನುತ್ತೇವೆ. ಅಳತೆಯನ್ನು ಕೆಲಸದ ಸ್ಥಳದಲ್ಲೇ, ಶಾಯಿಯಲ್ಲಿ ಬರೆಯಬೇಕು. ಪುಟಗಳಿಗೆ ಸಂಖ್ಯೆ ಇರುತ್ತದೆ, ಹರಿಯುವಂತಿಲ್ಲ. ತಪ್ಪಾದರೆ ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಕಂಟ್ರಾಕ್ಟರು ನೋಡಿ, ಒಪ್ಪಿಗೆ ಎಂದು ಸಹಿ ಮಾಡಬೇಕು. ಒಂದು ಘನ ಮೀಟರ್ ಮಣ್ಣಿಗೆ ಇಷ್ಟು ಕಟ್ಟುನಿಟ್ಟು. ಆ ಅಜ್ಜಿಯ ಮಾತಿಗೆ ಇಂಥ ಪುಸ್ತಕವೇ ಇರಲಿಲ್ಲ.

ಹಾಗಾಗಿ ನಿಮ್ಮ ವರದಿಗಾರರ ವಿಷಯದಲ್ಲಿ ನನ್ನ ಮಾತು ಇಷ್ಟೇ: ಮೊದಲು ಕನ್ನಡ ವರದಿ ಆಗಬೇಕು, ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ನೀವು ತಿದ್ದಿ ಒಪ್ಪಬೇಕು. ಇಂಗ್ಲಿಷ್ ಆಮೇಲೆ. ಈಗ ಬಹಳ ಕಡೆ ತಿರುಗಾಮುರುಗಾ ನಡೆಯುತ್ತದೆ. ಇಂಗ್ಲಿಷಿನಲ್ಲಿ ಬರೆದು ಕಳುಹಿಸುತ್ತಾರೆ, ಯಾರಾದರೂ ಕೇಳಿದರೆ ಕನ್ನಡಕ್ಕೆ ತಿರುಗಿಸುತ್ತಾರೆ. ಆ ಕನ್ನಡ ನಮ್ಮ ಕಚೇರಿಯ ಸುತ್ತೋಲೆಯ ಕನ್ನಡ. "ಚರ್ಚಿಸಲಾಯಿತು, ನಿರ್ಣಯಿಸಲಾಯಿತು, ಕ್ರಮ ಕೈಗೊಳ್ಳಲಾಗುವುದು." ಯಾರು ಚರ್ಚಿಸಿದರು? ಯಾರು ಬೇಡವೆಂದರು? ಆ 'ಲಾಯಿತು'ವಿನ ಹಿಂದೆ ಎಲ್ಲರೂ ಅಡಗಿಕೊಳ್ಳಬಹುದು. ನಾನೂ ಬಹಳ ಸಲ ಅಡಗಿಕೊಂಡಿದ್ದೇನೆ.

ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಪಂಚಾಯಿತಿಯಲ್ಲಿ ಕೂರಲು ಶುರುಮಾಡಿ ಬಹಳ ಕಾಲವಾಯಿತು. 1983ರ ಕಾಯ್ದೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಆ ಪ್ರಕಾರ ಚುನಾವಣೆಯೂ ಆಯಿತು. ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದು ಆಮೇಲೆ. 2010ರಲ್ಲಿ ನಮ್ಮ ರಾಜ್ಯ ಅರ್ಧ ಸ್ಥಾನ ಕೊಟ್ಟಿತು. ಸ್ಥಾನ ಸಿಕ್ಕಿತು, ಸರಿ. ನಡವಳಿ ಪುಸ್ತಕದಲ್ಲಿ ಆ ಸ್ಥಾನದಲ್ಲಿ ಕೂತವರು ಏನು ಹೇಳಿದರು ಎಂಬುದು ಎಷ್ಟು ಸಿಗುತ್ತದೆ? ನಿಮ್ಮ ಪಂಚಾಯಿತಿಯ ಪುಸ್ತಕ ತೆರೆದು ನೋಡಿ. ನಿಮ್ಮ ಸಹಿ ಇರುತ್ತದೆ.

ಎರಡು ಭಾಷೆ ಬಲ್ಲವರು ಎಂದ ಮಾತ್ರಕ್ಕೆ ಸಾಲದು. ಒಬ್ಬ ಸದಸ್ಯೆ, "ನಮ್ಮನೆಯವರು ಬೇಡ ಅಂದ್ರು, ಅದಕ್ಕೆ ಸಭೆಗೆ ಬರಲಿಲ್ಲ" ಅನ್ನುತ್ತಾರೆ. ನಮ್ಮ ಕಡೆ ಹೆಂಗಸರು ನಮ್ಮನೆಯವರು ಅಂದರೆ ಗಂಡ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಪಟ್ಟಣದಲ್ಲಿ ಓದಿದ ಹುಡುಗ ಅದನ್ನು ಕುಟುಂಬದವರು ವಿರೋಧಿಸಿದರು ಎಂದು ಬರೆಯುತ್ತಾನೆ. ಅತ್ತೆ, ಮಾವ, ಮಕ್ಕಳು ಎಲ್ಲರ ಮೇಲೂ ಅಪವಾದ ಬಂತು, ಗಂಡ ತಪ್ಪಿಸಿಕೊಂಡ! ಇನ್ನೊಬ್ಬರು, "ಮೂರು ದಿನ ಹೊರಗೆ ಕೂತಿದ್ದೆ" ಅಂದರೆ? ಈಗ ಮೊಬೈಲಿನಲ್ಲೇ ಅನುವಾದ ಆಗುತ್ತದಲ್ಲ, ಮೊಮ್ಮಗಳಿಂದ ಹಾಕಿಸಿ ನೋಡಿದೆ. ಮನೆಯ ಹೊರಗೆ ಗಾಳಿಗೆ ಕೂತಿದ್ದರು ಎಂಬ ಹಾಗೆ ಬಂತು. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು ಊರ ಹೊರಗೆ ಇರಬೇಕಾದ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಸೂತಕವಿಲ್ಲ ಎಂದ ಶರಣರ ಹಾದಿಯವರು ನಾವು ಅನ್ನುತ್ತೇವೆ, ನಮ್ಮ ಮನೆಗಳಲ್ಲೂ ಒಂದು ಮೂಲೆ ಉಳಿದಿದೆ. ಆ ಒಂದು ವಾಕ್ಯ ತಪ್ಪಾದರೆ ಇಡೀ ಸಭೆ ಏಕೆ ನಡೆಯಿತು ಎಂದೇ ಓದುವವರಿಗೆ ತಿಳಿಯುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಿಮಗೆ ಗೊತ್ತೇ ಇದೆ. ಮಾರಯ್ಯನವರು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಒಪ್ಪಲಿಲ್ಲ, ವಾಪಸು ಹಾಕಿ ಬನ್ನಿ ಎಂದರು. ಅದನ್ನು ದಾಖಲಿಸಿದವರು, "ದಂಪತಿಗಳು ಚರ್ಚಿಸಿ ತೀರ್ಮಾನಿಸಿದರು" ಎಂದು ಬರೆಯಲಿಲ್ಲ. ಹೆಂಡತಿ ಗಂಡನನ್ನು ತಿದ್ದಿದ್ದು ಹಾಗೇ ಉಳಿಯಿತು. ಓಲೆಗರಿಯಲ್ಲಿ ಪ್ರತಿ ಮಾಡಿದ ಎಷ್ಟೋ ಜನರ ಹೆಸರು ನಮಗೆ ಗೊತ್ತಿಲ್ಲ, ಫ.ಗು. ಹಳಕಟ್ಟಿಯವರಿಗೆ ಆ ಓಲೆಗಳು ಸಿಕ್ಕವು, 1923ರಲ್ಲಿ ವಚನಶಾಸ್ತ್ರಸಾರ ಅಚ್ಚಾಯಿತು.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಮಾರಿಕಣಿವೆಯೇ ಇದೆ. ಅಣೆಕಟ್ಟು ನೋಡಲು ಬಂದವರಲ್ಲಿ ಎಷ್ಟೋ ಮಂದಿ ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು ಅನ್ನುತ್ತಾರೆ. ಅವರು ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದದ್ದು 1909ರಲ್ಲಿ. ಕಟ್ಟೆ ಮುಗಿದದ್ದು 1907ರಲ್ಲಿ. ಕೆಲಸ ಆರಂಭವಾದ 1898ರಲ್ಲಿ ರಾಜ್ಯ ಆಳುತ್ತಿದ್ದವರು ಒಬ್ಬ ಹೆಣ್ಣುಮಗಳು, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಸಾಗರಕ್ಕೆ ಅವರ ಹೆಸರೇ ಇದೆ. ಆದರೂ ಜನರ ಬಾಯಲ್ಲಿ ಕೀರ್ತಿ ಬೇರೆಯವರಿಗೆ ಹೋಯಿತು. ಇನ್ನು ಕಲ್ಲು, ಗಾರೆ ಹೊತ್ತ ಹೆಂಗಸರ ಮಾತಂತೂ ಬಿಡಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲ ಹೋಗಿ ನೀರು ನೋಡಿ ಬಂದೆವು. ಎಂಬತ್ತೊಂಬತ್ತು ವರ್ಷ! ನಮ್ಮ ತಾಯಿ ಹೇಳುತ್ತಿದ್ದ ಕಟ್ಟೆಯ ಕಥೆಗಳು ಅಲ್ಲಿ ನಿಂತಾಗ ನೆನಪಾದವು. ನಾನೂ ಬರೆದುಕೊಂಡಿರಲಿಲ್ಲ.

ಇರಲಿ, ಕೆಲಸದ ಮಾತಿಗೆ ಬರೋಣ. ಆಯ್ಕೆಗೆ ಇಂಗ್ಲಿಷ್ ಪ್ರಬಂಧ ಬರೆಸಬೇಡಿ. ನಿಮ್ಮಲ್ಲಿ ಇಬ್ಬರು ಹತ್ತು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ನಿಮ್ಮ ಮಾತಿನ ಕನ್ನಡದಲ್ಲೇ, ಬೇಕೆಂದೇ ಒಬ್ಬರು ಇನ್ನೊಬ್ಬರನ್ನು ಒಪ್ಪದೆ ಮಾತಾಡಿ. ಅಭ್ಯರ್ಥಿ ಅದನ್ನು ಕೇಳಿ ಒಂದು ಪುಟ ಕನ್ನಡ, ಒಂದು ಪುಟ ಇಂಗ್ಲಿಷ್ ಬರೆಯಲಿ. ಕನ್ನಡವನ್ನು ಆ ಇಬ್ಬರ ಮುಂದೆಯೇ ಓದಲಿ. ಇಂಗ್ಲಿಷನ್ನು ನಾನೋ, ಇಲ್ಲಿರುವ ಮೇಷ್ಟರೋ ವಾಪಸು ಕನ್ನಡದಲ್ಲಿ ಹೇಳುತ್ತೇವೆ. ಎರಡೂ ಕಡೆ ಜಗಳ ಹಾಗೇ ಉಳಿದಿದ್ದರೆ ಆ ಅಭ್ಯರ್ಥಿ ನಮಗೆ ಬೇಕಾದವರು. ತಿದ್ದಿದಾಗ ಮುಖ ಗಂಟಿಕ್ಕುತ್ತಾರಾ, ಪೆನ್ನು ತೆಗೆಯುತ್ತಾರಾ, ಅದನ್ನೂ ನೋಡಿ. ಬೆಂಗಳೂರಿನವರೇ ಬೇಕೆಂದಿಲ್ಲ. ನಮ್ಮ ತಾಲ್ಲೂಕುಗಳಲ್ಲೇ ಬಿ.ಎ., ಬಿ.ಎಡ್. ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಇಂಗ್ಲಿಷ್ ಸ್ವಲ್ಪ ಸೊಟ್ಟಗಿದ್ದರೆ ತಿದ್ದಬಹುದು. ಕಿವಿ ಇಲ್ಲದಿದ್ದರೆ ನಾವು ಏನೂ ಮಾಡಲಾಗದು.

ಸಂಬಳದ ವಿಷಯದಲ್ಲಿ ಸಂಕೋಚ ಬೇಡ. ಸೇವೆ ಎಂದು ಹೇಳಿ ಬಿಟ್ಟಿ ಕೆಲಸ ಮಾಡಿಸುವ ಚಾಳಿ ನಮ್ಮ ಸಂಘಸಂಸ್ಥೆಗಳಿಗೆ ಇದೆ, ಕಾಯಕಕ್ಕೆ ಕೂಲಿ ಕೊಡಿ. ಪುಟಕ್ಕೆ ಇಷ್ಟು ಎಂದು ಗೊತ್ತುಮಾಡಬೇಡಿ, ವರದಿ ಹಿಗ್ಗುತ್ತದೆ. ಸಭೆಯ ದಿನ, ಕೂತು ಬರೆಯುವ ದಿನ, ಓದಿ ಹೇಳಲು ಬರುವ ದಿನ, ಮೂರನ್ನೂ ಲೆಕ್ಕಕ್ಕೆ ಹಿಡಿದು ಬಸ್ ಚಾರ್ಜು ಬೇರೆ ಕೊಡಿ. ಓದಿ ಹೇಳುವ ದಿನಕ್ಕೂ ಕೂಲಿ ಇದ್ದರೆ ಮಾತ್ರ ಆ ದಿನ ಉಳಿಯುತ್ತದೆ.

ಕರಾರು ಪತ್ರದಲ್ಲಿ ಇನ್ನೊಂದು ಸೇರಿಸಿ. ಗಂಡನ ಬಗ್ಗೆ, ಕುಡಿತದ ಬಗ್ಗೆ, ಪಂಚಾಯಿತಿಯ ಹಣದ ಬಗ್ಗೆ ಸಭೆಯಲ್ಲಿ ಮಾತು ಬರುತ್ತದೆ. ಹೇಳಿದವರು ನನ್ನ ಹೆಸರು ಬೇಡ ಅಂದರೆ ಹೆಸರೂ ಇರಬಾರದು, ಊರೂ ಇರಬಾರದು. ಎರಡು ಭಾಷೆಯಲ್ಲೂ. ಕನ್ನಡದಲ್ಲಿ ತೆಗೆದು ಇಂಗ್ಲಿಷಿನಲ್ಲಿ ಬಿಟ್ಟರೆ ಅದು ಸುತ್ತಿ ಬಳಸಿ ಊರಿಗೇ ಬರುತ್ತದೆ. ರೆಕಾರ್ಡಿಂಗು ವೇದಿಕೆಯದು, ಬರೆಯುವವರದ್ದಲ್ಲ. ವರದಿ ಒಪ್ಪಿಗೆಯಾದ ಮೇಲೆ ಅಳಿಸಿಬಿಡಬೇಕು.

ಹೊಸ ಜಾಹೀರಾತು ಬರೆದು ತಂದಿದ್ದೇನೆ, ಈ ಸಲ ಕನ್ನಡದಲ್ಲೇ. ಈಗ ಓದುತ್ತೇನೆ, ತಪ್ಪಿದ್ದಲ್ಲಿ ನಿಲ್ಲಿಸಿ, ಒಂದು ಗೆರೆ ಎಳೆದು ಪಕ್ಕದಲ್ಲಿ ನಿಮ್ಮ ಮಾತು ಬರೆದು ಸಹಿ ಹಾಕುತ್ತೇನೆ. ಅದಕ್ಕೂ ಮೊದಲು ಪರೀಕ್ಷೆಯ ರೆಕಾರ್ಡಿಂಗಿಗೆ ಇಬ್ಬರು ತಾಯಂದಿರು ಬೇಕು. ಜಗಳ ಚೆನ್ನಾಗಿ ಬರುವವರು ಯಾರಿದ್ದೀರಿ, ಕೈ ಎತ್ತಿ.